ನನ್ನ ತಂಗಿ ರಿಂಗಿಗೆ ನೇತಾಡಲಿಲ್ಲ

ನಮ್ಮೂರಿನಲ್ಲಿ ನನ್ನ ತಂಗಿಯ ಬಗ್ಗೆ ಯಾರನ್ನು ಕೇಳಿದರೂ ಮೂರು ವರ್ಷದಿಂದ ಒಂದೇ ಕಥೆ ಹೇಳುತ್ತಾರೆ. ಶಾಲೆಯ ಬ್ಯಾಸ್ಕೆಟ್‌ಬಾಲ್ ರಿಂಗಿಗೆ ಕೋತಿಯ ಹಾಗೆ ನೇತಾಡಿದಳು, ಅದು ಮುರಿದು ಬಿತ್ತು, ಒಂದು ಮಗು ಸ್ವಲ್ಪದರಲ್ಲಿ ಉಳಿಯಿತು, ಇವಳ ಕೈ ಮುರಿಯಿತು. ಅವಳು ಕಾಲೇಜಿಗೇ ಮೊದಲನೆಯವಳಾಗಿ ಪಾಸಾದದ್ದನ್ನು, ಜಿಲ್ಲಾ ತಂಡದಲ್ಲಿ ಆಡಿದ್ದನ್ನು ನೆನಪಾದರೆ ಆಮೇಲೆ ಸೇರಿಸುತ್ತಾರೆ. “ಓದಾಕೇನೋ ಜಾಣೆ, ಬುದ್ಧಿ ಇರ್ಲಿಲ್ಲ ಅಷ್ಟೆ” ಎಂದು ಮುಗಿಸುತ್ತಾರೆ.

ಅವಳು ನೇತಾಡಲಿಲ್ಲ. ಆ ಕಂಬ ಮಾಡಿದವನು ನಾನು. ಅದು ಬೀಳಬಹುದು ಎಂದು ಬೀಳುವುದಕ್ಕೆ ಹತ್ತು ದಿನ ಮುಂಚಿನಿಂದ ನನಗೆ ಗೊತ್ತಿತ್ತು.

ನಾನು ಓದಿದ್ದು ಏಳನೇ ಕ್ಲಾಸು. ಬಡತನಕ್ಕೆ ಶಾಲೆ ಬಿಟ್ಟೆ ಎಂದು ಹೇಳಿಕೊಳ್ಳಬಹುದು. ಆದರೆ ನಿಜ ಬರೆಯಬೇಕೆಂದು ಕೂತ ಮೇಲೆ ಅದನ್ನೂ ನಿಜವೇ ಬರೆಯುತ್ತೇನೆ. ಲೆಕ್ಕ ತಲೆಗೆ ಹತ್ತಲಿಲ್ಲ, ಬಿಟ್ಟೆ. ಮಧುಗಿರಿಯಲ್ಲಿ ವೆಲ್ಡಿಂಗ್ ಕಲಿತು, ದೊಡ್ಡೇರಿ ರಸ್ತೆಯಲ್ಲಿ ಸ್ವಂತ ಅಂಗಡಿ ಇಟ್ಟೆ. ಗೇಟು, ಕಿಟಕಿ, ಟ್ರೇಲರ್ ರಿಪೇರಿ. ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬೇಡದ ಮಾತಿಗೆ ಅದನ್ನು ಜನ ಸಾಕಷ್ಟು ಬಳಸಿದ್ದಾರೆ.

ಅವಳು ಉದ್ದಕ್ಕೆ ಬೆಳೆದಳು. ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ನನಗಿಂತ ಒಂದು ಗೇಣು ಮೇಲಾದಳು. ನಮ್ಮ ಸೋದರತ್ತೆ ಬಂದಾಗಲೆಲ್ಲ ಅವ್ವನ ಹತ್ತಿರ ಅದೇ ಮಾತು: “ಇವಳ್ಗೆ ತಾಳಿ ಕಟ್ಬೇಕಾದ್ರೆ ಗಂಡು ಕುರ್ಚಿ ಮ್ಯಾಲೆ ನಿಲ್ಬೇಕು ಕಣಮ್ಮ.”

“ಕುರ್ಚಿ ನಾನ್ ತಂದ್ಕೊಡ್ತೀನಿ ಬುಡಿ ಅತ್ತೆ, ಗಂಡು ನೀವ್ ತನ್ನಿ” ಎನ್ನುತ್ತಿದ್ದಳು ಇವಳು, ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತದೆ.

ಯಾವಾಗಲೂ ಏನನ್ನಾದರೂ ಎಣಿಸುತ್ತಿದ್ದಳು. ಬೆಳಗ್ಗೆ ಎದ್ದು ಶಾಲೆಯ ಬಯಲಿಗೆ ಹೋಗಿ, ಬೇವಿನ ಮರಕ್ಕೆ ಕಟ್ಟಿದ ಹಳೇ ಬೈಕ್ ಟೈರಿನೊಳಗೆ ಚೆಂಡು ಹಾಕುತ್ತಿದ್ದಳು. ಬಿದ್ದದ್ದು ನೂರಾಗುವವರೆಗೆ ಮನೆಗೆ ಬರುತ್ತಿರಲಿಲ್ಲ. ಬಸ್ಸು ಹೋಗುತ್ತದೆ ಎಂದು ನಾನು ಕೂಗಿದರೆ, “ಸುಮ್ಕಿರಣ್ಣ, ಎಣಿಸ್ತಿದೀನಿ” ಎನ್ನುತ್ತಿದ್ದಳು. ಆಮೇಲೆ ಓಡಿ ಬಂದು, ಎರಡು ರೊಟ್ಟಿ ಸುತ್ತಿಕೊಂಡು, ಕಾಲೇಜಿಗೆ ಮಧುಗಿರಿ ಬಸ್ಸು ಹತ್ತುತ್ತಿದ್ದಳು. ನಿಂತೇ ಹೋಗಬೇಕಾದ ಬಸ್ಸು ಅದು. ಒಂದು ಕೈಯಲ್ಲಿ ಮೇಲಿನ ಸರಳು, ಇನ್ನೊಂದು ಕೈಯಲ್ಲಿ ಫಿಸಿಕ್ಸ್ ಪುಸ್ತಕ. ಡ್ರೈವರ್ ಬ್ರೇಕು ಹಾಕಿದಾಗ ಎಲ್ಲರೂ ವಾಲಿದರೂ ಇವಳು ಮಾತ್ರ ಪುಟ ತಿರುಗಿಸುತ್ತಿದ್ದಳು ಎಂದು ಕಂಡಕ್ಟರು ನನಗೆ ಹೇಳಿ ನಗುತ್ತಿದ್ದ.

ಕೊರಟಗೆರೆಯಲ್ಲಿ ಒಂದು ಪಂದ್ಯ ನೋಡಲು ಹೋಗಿದ್ದೆ. ಸಿರಾದ ತಂಡದ ಎದುರು. ಕೊನೆಯಲ್ಲಿ ನಮ್ಮವರು ಒಂದು ಪಾಯಿಂಟು ಹಿಂದಿದ್ದರು, ಇವಳಿಗೆ ಎರಡು ಫ್ರೀ ಥ್ರೋ ಸಿಕ್ಕಿತು. ರಿಂಗಿನ ಹಿಂದೆ ಕೂತಿದ್ದ ಸಿರಾ ಹುಡುಗರು ತಟ್ಟೆ ಬಡಿಯುತ್ತಾ, “ಏ ಲಂಬೂ! ಚೂಕೇಗಿ ದೇಖೋ!” ಎಂದು ಕೂಗುತ್ತಿದ್ದರು, ಉದ್ದಕ್ಕಿರುವವಳು ಗುರಿ ತಪ್ಪುತ್ತಾಳೆ ನೋಡಿ ಎಂದು. ನನಗೆ ಎದ್ದು ಹೋಗಿ ಹೊಡೆಯುವಷ್ಟು ಸಿಟ್ಟು. ಇವಳು ಚೆಂಡನ್ನು ಮೂರು ಸಲ ನೆಲಕ್ಕೆ ಬಡಿದಳು, ಹಾಕಿದಳು, ಬಿತ್ತು. ಮತ್ತೆ ಮೂರು ಸಲ ಬಡಿದಳು, ಹಾಕಿದಳು, ಬಿತ್ತು. ಆಟ ಮುಗಿದ ಮೇಲೆ ಆ ಹುಡುಗರ ಹತ್ತಿರ ಹೋಗಿ, “ತಟ್ಟೆ ತಾಳ ಚೆನ್ನಾಗಿತ್ತು ಕಣ್ರಪ್ಪ” ಎಂದು ಹೇಳಿ ಬಂದಳು. ಆ ಪಂದ್ಯದ ನಂತರ ವಿಶ್ವವಿದ್ಯಾಲಯದ ತಂಡದ ಆಯ್ಕೆಗೆ ಅವಳನ್ನು ಕರೆದರು.

ಇನ್ನೊಂದು ಸಂಗತಿ ಬರೆಯಬೇಕು. ಕಾಲೇಜಿನ ಎನ್ನೆಸ್ಸೆಸ್‌ನವರು ಪಾವಗಡದ ರಾಯಚರ್ಲು ಕಡೆ ಶಿಬಿರಕ್ಕೆ ಹೋಗಿದ್ದಾಗ ಬೋರ್‌ವೆಲ್ ನೀರು ಪರೀಕ್ಷೆ ಮಾಡಿದರಂತೆ. ಒಂದು ಬೋರಿನ ನೀರಿನಲ್ಲಿ ಫ್ಲೋರೈಡು ಬಹಳ ಇತ್ತು. ಕೊಡ ಹಿಡಿದು ನಿಂತಿದ್ದ ಒಬ್ಬ ಮುದುಕಿ, “ಈ ನೀಳ್ಳು ತಾಗೊಚ್ಚಾ ಪಾಪಾ?” ಎಂದು ಕೇಳಿದಳಂತೆ, ಈ ನೀರು ಕುಡಿಯಬಹುದಾ ಎಂದು. ಜೊತೆಗಿದ್ದ ಊರಿನ ದೊಡ್ಡ ಮನುಷ್ಯರೊಬ್ಬರು, “ಈಗ್ಲೇ ಏನೂ ಹೇಳ್ಬೇಡಮ್ಮ, ನಿಧಾನವಾಗಿ ಹೇಳೋಣ” ಎಂದರಂತೆ.

“ನಿಧಾನವಾಗಿ ಹೇಳೋವಷ್ಟ್ರಲ್ಲಿ ಇನ್ನೊಂದ್ ಕೊಡ ಕುಡೀತಾರೆ ಸಾರ್” ಎಂದು ಇವಳು ಮುದುಕಿಯ ಕಡೆ ತಿರುಗಿ, “ಒದ್ದವ್ವಾ, ತಾಗೊದ್ದು” ಎಂದುಬಿಟ್ಟಳಂತೆ, ಬೇಡವ್ವ, ಕುಡಿಯಬೇಡ ಎಂದು.

ಇದನ್ನು ಊಟ ಮಾಡುತ್ತಾ ಹೇಳಿದಾಗ ನಾನು ಜೋರಾಗಿ ನಕ್ಕಿದ್ದೆ. ನನ್ನ ತಂಗಿ ಎಂದರೆ ಇಂಥವಳು ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡೆ.

ಸಂಜೆ ಕಾಲೇಜಿನಿಂದ ಬಂದರೆ ಶಾಲೆಯ ಬಯಲಿನಲ್ಲಿ ಹೆಣ್ಣುಮಕ್ಕಳಿಗೆ ಪಾಠ ಮಾಡುತ್ತಿದ್ದಳು. ಕೂರಿಸಿ ಅಲ್ಲ. ಚೆಂಡು ನೆಲಕ್ಕೆ ಬಡಿಯುತ್ತಾ ಮಗ್ಗಿ. ಏಳೊಂದ್ಲ ಏಳು, ಟಪ್. ಏಳೆರಡ್ಲ ಹದಿನಾಲ್ಕು, ಟಪ್. ತಪ್ಪಿದರೆ ಚೆಂಡು ಪಕ್ಕದವಳಿಗೆ. ಅವರಲ್ಲಿ ಹತ್ತು ವರ್ಷದ ಒಂದು ಮಗುವಿತ್ತು, ಬಹಳ ಸಣ್ಣದು, ಗುಬ್ಬಚ್ಚಿ ಎಂದು ಕರೆಯುತ್ತಿದ್ದೆವು. ಶಾಲೆಯಲ್ಲಿ ಬಾಯಿಯೇ ಬಿಡದ ಆ ಮಗು ಚೆಂಡು ಕೈಗೆ ಬಂದರೆ ಹದಿಮೂರರ ಮಗ್ಗಿ ಹೇಳುತ್ತಿತ್ತು. ನನ್ನನ್ನು ಶಾಲೆ ಬಿಡಿಸಿದ್ದು ಆ ಮಗ್ಗಿಯೇ. ನಾನು ಕಾಂಪೌಂಡಿನ ಹೊರಗೆ ನಿಂತು ಕೇಳುತ್ತಿದ್ದೆ.

ಟೈರು ಸಾಲದು, ಸರಿಯಾದ ಕಂಬ ಬೇಕು ಎಂದು ಅವಳು ಹೇಳಿದಾಗ ನಾನೇ ಮಾಡಿಕೊಡುತ್ತೇನೆ ಎಂದೆ. ನೀರು ಬರದೆ ಬಿಟ್ಟ ಬೋರ್‌ವೆಲ್ಲಿನ ಕೇಸಿಂಗ್ ಪೈಪನ್ನು ಊರಿನವರು ಕೊಟ್ಟರು. ಅದನ್ನು ಬಯಲಿನಲ್ಲಿ ನೆಟ್ಟು ಕಾಂಕ್ರೀಟು ಹಾಕಿದೆ. ಕಂಬದ ತಲೆಯಿಂದ ಮುಂದಕ್ಕೆ ಒಂದು ತೋಳು, ತೋಳಿನ ತುದಿಗೆ ಬೋರ್ಡು, ರಿಂಗು. ತೋಳನ್ನು ಅಂಗಡಿಯಲ್ಲಿ ಮಾಡಿಕೊಂಡು ಬಂದು, ಶಾಲೆಯಲ್ಲೇ ಮೇಲೆತ್ತಿ ಕಂಬಕ್ಕೆ ವೆಲ್ಡ್ ಮಾಡಬೇಕಿತ್ತು.

ನಮ್ಮ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ಎರಡು ಕಬ್ಬಿಣ ಸೇರುವ ಕಡೆ ಮೊದಲು ನಾಲ್ಕು ಚುಕ್ಕಿ ಹೊಡೆದು ನಿಲ್ಲಿಸಿಕೊಳ್ಳುತ್ತೇವೆ. ಅದಕ್ಕೆ ಟ್ಯಾಕ್ ಎನ್ನುತ್ತೇವೆ. ದರ್ಜಿಯವರು ಹೊಲಿಗೆಗೆ ಮುಂಚೆ ಕಚ್ಚಾ ಹೊಲಿಗೆ ಹಾಕುವ ಹಾಗೆ. ಆಮೇಲೆ ಸುತ್ತಲೂ ತುಂಬಿ ವೆಲ್ಡಿಂಗ್ ಮಾಡಬೇಕು. ಟ್ಯಾಕ್ ಕಣ್ಣಿಗೆ ಗಟ್ಟಿಯಾಗಿ ಕಾಣುತ್ತದೆ. ಅದು ಭಾರ ಹೊರುವುದಕ್ಕಲ್ಲ.

ನಮ್ಮ ಕಡೆ ತ್ರೀ ಫೇಸ್ ಕರೆಂಟು ಸರದಿಯ ಮೇಲೆ ಬರುತ್ತದೆ. ನನ್ನ ಹಳೇ ಮಿಷನ್ನಿಗೆ ಅದೇ ಬೇಕು. ತೋಳನ್ನು ಹಗ್ಗದಲ್ಲಿ ಎತ್ತಿ ನಾಲ್ಕು ಟ್ಯಾಕ್ ಹೊಡೆಯುವಷ್ಟರಲ್ಲಿ ಕರೆಂಟು ಹೋಯಿತು. ಮಾರನೆಯ ದಿನ ಹತ್ತು ಗಂಟೆಗೆ ಉದ್ಘಾಟನೆ. ಕಾಲೇಜಿನವರೆಲ್ಲ ಬರುವವರಿದ್ದರು. ಬೆಳಗ್ಗೆ ಹೋಗಿ ನೋಡಿದೆ, ಕರೆಂಟಿಲ್ಲ. ಸಂದು ಕೆಟ್ಟದಾಗಿ ಕಾಣಬಾರದೆಂದು ಪುಟ್ಟಿ ತುಂಬಿ ಸಾಪು ಮಾಡಿದೆ. ಎರಡು ದಿನದಲ್ಲಿ ಬಂದು ಕೆರೆದು ತುಂಬ ಹೊಡೆದರಾಯಿತು ಎಂದುಕೊಂಡೆ.

ಎಲ್ಲರೂ ಬಂದರು. ಎನ್ನೆಸ್ಸೆಸ್ ಮೇಡಂ ಕಂಬದ ಸುತ್ತ ಒಂದು ಸುತ್ತು ಹಾಕಿ, “ಇದನ್ನ ಮಾಡಿದ್ದು ನಿಮ್ಮಣ್ಣನಾ?” ಎಂದು ತಂಗಿಯನ್ನು ಕೇಳಿದರು. ನನ್ನ ಕಡೆ ತಿರುಗಿ, “ಎಷ್ಟು ಅಳತೆಯಾಗಿ ಮಾಡಿದ್ದೀರಿ ಸರ್! ನೀವು ಓದದೇ ಇರೋ ಇಂಜಿನಿಯರ್” ಎಂದರು. ಕಾಲೇಜಿನ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನನ್ನನ್ನು ಓದಿದವರೊಬ್ಬರು ಸರ್ ಎಂದು ಕರೆದದ್ದು ಅದೇ ಮೊದಲು.

ಅಷ್ಟರಲ್ಲಿ ತಂಗಿ ನೀಲಿ ಪೇಂಟಿನ ಡಬ್ಬಿ ಹಿಡಿದು ಬಂದಳು. “ಅಣ್ಣ, ಫುಲ್ ಹೊಡ್ದಿದೀಯಾ? ಬಳೀಲಾ?”

ಇಲ್ಲ ಕಣಮ್ಮ, ಇನ್ನೂ ಟ್ಯಾಕ್ ಮಾತ್ರ ಆಗಿದೆ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಮೇಡಂ ಪಕ್ಕದಲ್ಲೇ ನಿಂತಿದ್ದರು. ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು.

“ಹೂಂ, ಫುಲ್. ಬಳಿ” ಎಂದೆ.

ಅವಳು ಬಳಿದಳು. ಎಲ್ಲ ಮುಗಿದ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಂದಲೂ ಚೆಂಡು ಹಾಕಿಸಿದಳು. ಚೆಂಡು ಬೋರ್ಡಿಗೆ ಬಡಿದಾಗಲೆಲ್ಲ ನನ್ನ ಕಣ್ಣು ಆ ಸಂದಿನ ಕಡೆ ಹೋಗುತ್ತಿತ್ತು. ನಾನು ಕೈ ಕಟ್ಟಿಕೊಂಡು ನಗುತ್ತಾ ನಿಂತಿದ್ದೆ.

ಎರಡನೆಯ ದಿನ ಅಂಗಡಿಯಲ್ಲಿ ಕೆಲಸವಿತ್ತು. ಸಿರಾ ತಾಲ್ಲೂಕಿನ ತಾವರೆಕೆರೆಯಲ್ಲಿ ಒಬ್ಬರ ಹೊಸ ಮನೆಯ ಪ್ರವೇಶ, ದೊಡ್ಡ ಗೇಟು ಒಪ್ಪಿಕೊಂಡಿದ್ದೆ. ಮೂರನೆಯ ದಿನ ಮಿಷನ್ನು ಹೇರಿಕೊಂಡು ಶಾಲೆಗೆ ಹೋದೆ. ಕರೆಂಟಿತ್ತು. ಆದರೆ ಹೆಡ್‌ಮೇಷ್ಟ್ರು ಬಂದು, “ಏನ್ ಸ್ವಾಮಿ, ಮಿಷನ್ ಸಮೇತ? ಏನಾದ್ರೂ ಉಳ್ಕಂಡಿತ್ತಾ?” ಎಂದರು. ಹೊಸ ಪೇಂಟು ಕೆರೆದರೆ ಮಕ್ಕಳೆಲ್ಲ ಸುತ್ತ ನಿಲ್ಲುತ್ತಾರೆ, ತಂಗಿಗೆ ಹೇಳುತ್ತಾರೆ. “ಏನಿಲ್ಲ ಸಾರ್, ಇಂಗೇ ಬಂದೆ” ಎಂದು ಅವರು ಕೊಟ್ಟ ಟೀ ಕುಡಿದು ವಾಪಸು ಬಂದೆ.

ಆರನೆಯ ದಿನ ಕಂಬದ ಕೆಳಗೆ ನಿಂತು ನೋಡಿದಾಗ ನೀಲಿ ಪೇಂಟಿನಲ್ಲಿ ಸಣ್ಣ ಬಿರುಕು ಕಂಡಿತು. ಬೇರೆ ಯಾರು ನೋಡಿದ್ದರೂ ಪೇಂಟು ಒಡೆದಿದೆ ಎನ್ನುತ್ತಿದ್ದರು. ಒಳಗೆ ಟ್ಯಾಕ್ ಬಿಡುತ್ತಿದೆ ಎಂದು ನನಗೆ ಗೊತ್ತಾಯಿತು. ಮನೆಗೆ ಬಂದು ತಂಗಿಗೆ, “ಲೇ, ಬುಡದ ಕಾಂಕ್ರೀಟು ಇನ್ನೂ ಸರ್ಯಾಗಿ ಕೂತಿಲ್ಲ. ಶನಿವಾರದ ಗಂಟ ಆಡಿಸ್ಬೇಡ” ಎಂದೆ.

“ಶನಿವಾರಕ್ಕೆ ಸರಿಹೋಗ್ತದಾ?”

“ಹೋಗ್ತದೆ. ಶನಿವಾರದಿಂದ ಆಡ್ಸು.”

ದಿನವನ್ನೂ ನಾನೇ ಹೇಳಿದೆ. ಶನಿವಾರ ಮಧ್ಯಾಹ್ನದ ಸರದಿಯಲ್ಲಿ ಕರೆಂಟು ಎರಡಕ್ಕೆ ಬರುತ್ತಿತ್ತು. ಶಾಲೆ ಬೆಳಗ್ಗೆಯೇ ಮುಗಿದು ಯಾರೂ ಇರುವುದಿಲ್ಲ. ಮಕ್ಕಳು ಆಟಕ್ಕೆ ಸೇರುವುದು ನಾಲ್ಕಕ್ಕೆ. ನಡುವೆ ಎರಡು ಗಂಟೆ ಸಿಗುತ್ತದೆ, ಸದ್ದಿಲ್ಲದೆ ಮುಗಿಸಿ, ಪೇಂಟು ತೇಪೆ ಹಾಕಿಬಿಡಬಹುದು ಎಂದು ಲೆಕ್ಕ ಹಾಕಿದ್ದೆ.

ಶನಿವಾರ ಬೆಳಗ್ಗೆ ತಾವರೆಕೆರೆಯಲ್ಲಿ ಗೇಟು ಕೂರಿಸಿದೆ. ಮಿಷನ್ನು ಲಗೇಜ್ ಆಟೋದಲ್ಲೇ ಇತ್ತು. ಹನ್ನೆರಡಕ್ಕೆ ಹೊರಟರೆ ಸರಿಯಾಗಿ ಎರಡರೊಳಗೆ ಶಾಲೆಯಲ್ಲಿರುತ್ತಿದ್ದೆ. ಹೊರಡುತ್ತೇನೆ ಎಂದಾಗ ಮನೆಯ ಯಜಮಾನರು ಕೈ ಹಿಡಿದುಕೊಂಡರು. “ಗೇಟಿಗೆ ಪೂಜೆ ಆಗೋ ಗಂಟ ಮಾಡಿದ ಮೇಸ್ತ್ರಿ ಹೊಸ್ಲು ದಾಟಂಗಿಲ್ಲ ಕಣಪ್ಪ. ಕುಂಬ್ಳಕಾಯಿ ಒಡೆದು, ನಿಂಗೆ ತಾಂಬೂಲ ಕೊಟ್ಟು ಕಳಿಸ್ತೀವಿ. ಐನೋರು ಇನ್ನೇನ್ ಬಂದ್ಬುಟ್ರು.” ಐನೋರು ಬಂದದ್ದು ಎರಡೂವರೆಗೆ.

ಪೂಜೆ ನಡೆಯುತ್ತಿದ್ದಾಗ ತಂಗಿಗೆ ಫೋನು ಮಾಡಿದೆ. ರಿಂಗಾಗಿ ನಿಂತಿತು. ಇನ್ನೊಂದು ಸಲ ಮಾಡಿದೆ. ಮಕ್ಕಳ ಜೊತೆ ಇರುವಾಗ ಅವಳು ಫೋನು ಬ್ಯಾಗಿನಲ್ಲಿಟ್ಟು ಬ್ಯಾಗನ್ನು ಜಗಲಿಯ ಮೇಲೆ ಇಡುತ್ತಿದ್ದಳು. ಅಂದರೆ ಇವತ್ತು ಬೇಗನೇ ಮಕ್ಕಳ ಹತ್ತಿರ ಹೋಗಿದ್ದಾಳೆ. ಹೆಡ್‌ಮೇಷ್ಟ್ರ ನಂಬರು ನನ್ನ ಹತ್ತಿರ ಇತ್ತು. ಅವರ ಮನೆ ಶಾಲೆಯ ಎದುರಿಗೇ. ಮಕ್ಕಳನ್ನು ಕಂಬದ ಹತ್ತಿರ ಬಿಡಬೇಡಿ ಎಂದರೆ ಸಾಕಿತ್ತು. ಯಾಕೆ ಎಂದು ಕೇಳುತ್ತಾರೆ. ಆ ನಂಬರನ್ನು ತೆಗೆದು ನೋಡಿದೆ, ಒತ್ತಲಿಲ್ಲ. ಫೋನನ್ನು ಜೇಬಿಗಿಟ್ಟು, ತಾಂಬೂಲಕ್ಕೆ ಕೈಯೊಡ್ಡಿದೆ.

ಆಮೇಲೆ ಆಟೋದವನಿಗೆ ದಾರಿಯುದ್ದಕ್ಕೂ ಹೊಡಿ, ಹೊಡಿ ಎನ್ನುತ್ತಿದ್ದೆ. “ಏನಣ್ಣ, ಮನೆಗ್ ಬೆಂಕಿ ಬಿದ್ದೈತಾ?” ಎಂದು ಅವನು ನಗೆಯಾಡಿದ.

ಶಾಲೆಯ ತಿರುವಿನಲ್ಲಿ ಮೊದಲು ಕಂಡದ್ದು ನೀಲಿ ಬೋರ್ಡು. ನಿಂತಿತ್ತು. ಉಸಿರು ಬಿಟ್ಟೆ. ಹೆಣ್ಣುಮಕ್ಕಳು ಸಾಲಿನಲ್ಲಿದ್ದರು. ಯಾರೋ ಹಾಕಿದ ಚೆಂಡು ಬೋರ್ಡಿಗೆ ಬಡಿದು ಕೆಳಗೆ ಬಂತು. ಅದನ್ನು ಹಿಡಿಯಲು ಗುಬ್ಬಚ್ಚಿ ರಿಂಗಿನ ಕೆಳಗೆ ಓಡಿದಳು. ಆಗ ಒಂದು ಸಣ್ಣ ಶಬ್ದ ಬಂತು, ಟಿಕ್ ಎಂದು. ಹದಿನೈದು ವರ್ಷ ಕಬ್ಬಿಣದ ಜೊತೆ ಇದ್ದವನಿಗೆ ಆ ಶಬ್ದ ಗೊತ್ತು. ನಾನು ಆಟೋದಿಂದಲೇ, “ಸರೀರಿ! ಲೇ, ಸರೀರಿ!” ಎಂದು ಕೂಗಿದೆ. ಮಕ್ಕಳೆಲ್ಲ ನನ್ನ ಕಡೆ ತಿರುಗಿದರು. ತಂಗಿ ತಿರುಗಲಿಲ್ಲ. ಅವಳು ಮೇಲೆ ನೋಡಿದಳು. ಎರಡೇ ಹೆಜ್ಜೆ, ಎಡಗೈಯಿಂದ ಮಗುವನ್ನು ತಳ್ಳಿದಳು, ಬಲಗೈಯನ್ನು ಮೇಲಕ್ಕೆತ್ತಿದಳು.

ತೋಳು, ಬೋರ್ಡು ಎಲ್ಲ ಆ ಕೈಯ ಮೇಲೆ ಬಂತು.

ಮಗುವಿಗೆ ಮೊಣಕಾಲು ತರಚಿತ್ತು ಅಷ್ಟೆ. ತಂಗಿಗೆ ಮುಂಗೈಯ ಎರಡೂ ಮೂಳೆ ಮುರಿದಿದ್ದವು, ಮಣಿಕಟ್ಟು ಜಜ್ಜಿತ್ತು. ವಿಶ್ವವಿದ್ಯಾಲಯದ ಆಯ್ಕೆಗೆ ಎಂಟು ದಿನ ಇತ್ತು.

ಮಧುಗಿರಿಯ ಆಸ್ಪತ್ರೆಯಲ್ಲಿ ಅವಳ ಮಂಚದ ಸುತ್ತ ಹೆಡ್‌ಮೇಷ್ಟ್ರು, ಕಾಲೇಜಿನ ಪಿ.ಟಿ. ಮೇಷ್ಟ್ರು, ಗುಬ್ಬಚ್ಚಿಯ ಅವ್ವ, ನಮ್ಮ ಅವ್ವ, ನಾನು ಇದ್ದೆವು. ಹೆಡ್‌ಮೇಷ್ಟ್ರು, “ಹೆಂಗ್ ಬಿತ್ತು ಅಂತ ಮೇಲಿನವ್ರು ಕೇಳ್ತಾರೆ. ಕೆಲ್ಸ ಸರ್ಯಾಗ್ ಮಾಡಿಲ್ಲ ಅಂತಾದ್ರೆ ಕಂಪ್ಲೇಂಟ್ ಕೊಡ್ಬೇಕಾಗ್ತದೆ” ಎಂದು ನನ್ನ ಮುಖ ನೋಡಿದರು. ಅವ್ವ ಅಳು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

ಮಂಚದ ಮೇಲಿಂದ ತಂಗಿ ಹೇಳಿದಳು: “ಸಾರ್, ತಪ್ಪು ನಂದೇ. ಬೆಳಗ್ಗೆ ಯಾರೂ ಇಲ್ದಾಗ ರಿಂಗ್ ಹಿಡ್ಕಂಡು ನೇತಾಡಿದ್ದೆ. ಅದ್ಕೇ ಸಡ್ಲ ಆಗಿತ್ತು ಅನ್ಸುತ್ತೆ.”

ಫಿಸಿಕ್ಸ್ ಓದುವವಳು ಅವಳು. ಬಿದ್ದ ತೋಳಿನ ಪಕ್ಕದಲ್ಲೇ ಕೂತಿದ್ದಳು, ಆಸ್ಪತ್ರೆಗೆ ಹೋಗಲು ಆಟೋ ತಿರುಗಿಸುವವರೆಗೂ. ಮುರಿದ ಕಡೆ ನಾಲ್ಕು ಚುಕ್ಕಿ, ಸುತ್ತ ಪುಟ್ಟಿ. ಅವಳು ಅದನ್ನು ನೋಡಿದ್ದಳು. ಸುಳ್ಳು ಹೇಳಿ ನನ್ನ ಕಡೆ ಕಣ್ಣು ತಿರುಗಿಸಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಏನನ್ನೋ ಕಾಯುವ ಹಾಗಿತ್ತು. ನಾನು ಕಿಟಕಿಯ ಕಡೆ ನೋಡಿದೆ.

“ಟೀಮಿನ ಕ್ಯಾಪ್ಟನ್ ಆಗಿ ರಿಂಗಿಗೆ ನೇತಾಡ್ತಾರೇನಮ್ಮ? ನಿನ್ನ ನೋಡಿ ಮಕ್ಕಳು ಕಲಿಯೋದು ಇದನ್ನಾ?” ಎಂದರು ಪಿ.ಟಿ. ಮೇಷ್ಟ್ರು. ಆಟದಲ್ಲಿ ಅವಳನ್ನು ಬೆಳೆಸಿದವರು ಅವರು.

ಮಾರನೆಯ ಬೆಳಗ್ಗೆ ನಾನು ಮುರಿದ ತೋಳನ್ನು ಅಂಗಡಿಗೆ ತಂದೆ. ಗ್ರೈಂಡರ್ ಹಾಕಿ ಆ ನಾಲ್ಕು ಚುಕ್ಕಿಗಳನ್ನು ಸಾಪು ಮಾಡಿದೆ. ಕಂಬದ ಕಡೆಯಲ್ಲಿ ಉಳಿದದ್ದನ್ನೂ ಹಾಗೇ ಮಾಡಿ ಬಂದೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ತುಮಕೂರಿನಲ್ಲಿ ಆಪರೇಷನ್ ಆಗಿ, ಕೈಗೆ ಪಟ್ಟಿ ಹಾಕಿಸಿಕೊಂಡು ಅವಳು ಊರಿಗೆ ಬಂದ ದಿನ ಗುಬ್ಬಚ್ಚಿಯ ಅವ್ವ ಬೀದಿಯಲ್ಲಿ ಕಾದು ನಿಂತಿದ್ದಳು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ತಂಗಿಯ ಮೇಲೆ ತೂರಿದಳು. “ನನ್ ಮಗೀನ ತಿಂದ್ಕೊಳ್ಳಾಕೆ ನೋಡಿದ್ಯಲ್ಲೇ! ನಿನ್ ಆಟುಕ್ಕೆ ಮಣ್ಣಾಕ! ನಿನ್ ಓದುಗ್ ಮಣ್ಣಾಕ!” ನಮ್ಮ ಕಡೆ ಮಣ್ಣು ತೂರಿಸಿಕೊಂಡವರು ಅದನ್ನು ಬಹಳ ದಿನ ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆ, ಅದಕ್ಕಿಂತ ದೊಡ್ಡ ಶಾಪವಿಲ್ಲ. ನಾನು ಬ್ಯಾಗು ಹಿಡಿದು ಪಕ್ಕದಲ್ಲಿದ್ದೆ. ಮಣ್ಣು ನನ್ನ ಅಂಗಿಯ ಮೇಲೂ ಸ್ವಲ್ಪ ಬಿತ್ತು. ತಂಗಿ ಎಡಗೈಯಿಂದ ಕೂದಲು ಕೊಡವಿಕೊಂಡು, “ಮಗು ಉಷಾರಾಗಿದಾಳಾ ಅಕ್ಕ?” ಎಂದು ಕೇಳಿ ಮನೆಯೊಳಗೆ ಹೋದಳು.

ಆಯ್ಕೆ ಹೋಯಿತು. ಕ್ಯಾಪ್ಟನ್ ಸ್ಥಾನ ಹೋಯಿತು. ಸೇವೆಗೆ ಕೊಡುವ ಕಾಲೇಜಿನ ಬಹುಮಾನಕ್ಕೆ ಬರೆದಿದ್ದ ಅವಳ ಹೆಸರನ್ನು ತೆಗೆದರು. ಊರಿನವರು ಮಕ್ಕಳನ್ನು ಅವಳ ಹತ್ತಿರ ಕಳಿಸುವುದನ್ನು ನಿಲ್ಲಿಸಿದರು. ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಆಟವೂ ಮುಗಿಯಿತು. ಆ ವರ್ಷದ ಪರೀಕ್ಷೆಯನ್ನು ಅವಳು ಹೇಳುತ್ತಾ ಹೋದಳು, ಪಿಯುಸಿ ಹುಡುಗಿಯೊಬ್ಬಳು ಬರೆದಳು. ಆಮೇಲೆ ಎಡಗೈಯಲ್ಲಿ ಬರೆಯಲು ಕಲಿತಳು. ಅಕ್ಷರ ಮೊದಲು ನನ್ನ ಅಕ್ಷರಕ್ಕಿಂತ ಕೆಟ್ಟದಾಗಿತ್ತು. ಮೂರು ತಿಂಗಳಲ್ಲಿ ಸರಿ ಮಾಡಿಕೊಂಡಳು. ಕಾಲೇಜು ಆಡುವ ಪಂದ್ಯಗಳಿಗೆ ಹೋಗಿ ಪಾಯಿಂಟು ಬರೆಯುವ ಮೇಜಿನಲ್ಲಿ ಕೂರುತ್ತಿದ್ದಳು. ಪಿ.ಟಿ. ಮೇಷ್ಟ್ರು ಅವಳ ಜೊತೆ ಮಾತು ಕಡಿಮೆ ಮಾಡಿದ್ದರು, ಆದರೆ ಕುರ್ಚಿ ಹಾಕಿಸುತ್ತಿದ್ದರಂತೆ.

ಮನೆಯಲ್ಲಿ ಅವಳು ನನ್ನ ಜೊತೆ ಮೊದಲಿನ ಹಾಗೇ ಇದ್ದಳು. ಅನ್ನ ಬಡಿಸುತ್ತಿದ್ದಳು, ಅಂಗಡಿಯ ಸುದ್ದಿ ಕೇಳುತ್ತಿದ್ದಳು. ಅದನ್ನು ಸಹಿಸುವುದು ನನಗೆ ಕಷ್ಟವಾಯಿತು. ಒಂದು ಸಂಜೆ ಅವ್ವ ಇಲ್ಲದಾಗ ಅವಳ ಎದುರು ಕೂತು, “ನಿಂಗೊಂದ್ ಮಾತ್ ಹೇಳ್ಬೇಕು ಕಣಮ್ಮ, ಆ ಕಂಬ...” ಎಂದೆ.

ಅವಳು ಎಡಗೈಯಲ್ಲಿ ಬರೆಯುತ್ತಿದ್ದವಳು ನಿಲ್ಲಿಸಿದಳು. “ನಂಗೇನೂ ಹೇಳ್ಬೇಡಣ್ಣ. ನಂಗೊತ್ತು. ಗೊತ್ತಿಲ್ದೋರ್ಗೆ ಹೇಳು.”

ನಾನು ಎದ್ದು ಹೋದೆ. ಅವಳಿಗೆ ಗೊತ್ತಿದೆ, ಬೈಯಲಿಲ್ಲ, ಅಲ್ಲಿಗೆ ಮುಗಿಯಿತು ಎಂದು ನನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡೆ. ಗೊತ್ತಿಲ್ಲದವರು ಊರು ತುಂಬ ಇದ್ದರು. ಅವರ ಗೇಟು, ಕಿಟಕಿ ಮಾಡುತ್ತಾ ಮೂರು ವರ್ಷ ಕಳೆದೆ. ಅವರು ನನ್ನ ಅಂಗಡಿಯಲ್ಲಿ ಕೂತು ತಂಗಿಯ ನೇತಾಟದ ಕಥೆ ಹೇಳಿ ನಗುವಾಗ ನಾನೂ ತುಟಿ ಅಗಲಿಸಿದ್ದೇನೆ.

ಈ ವರ್ಷ ಅವಳ ಡಿಗ್ರಿ ಮುಗಿಯಿತು. ಬಿ.ಎಡ್. ಓದಲು ಬೇರೆ ಊರಿಗೆ ಹೋದಳು. ಶಾಲೆಗೆ ಹೊಸ ಹೆಡ್‌ಮಿಸ್ ಬಂದಿದ್ದಾರೆ. ಆ ಒಂಟಿ ಕಂಬ ನೋಡಿ, ಇದಕ್ಕೆ ಮತ್ತೆ ಬೋರ್ಡು ಹಾಕಿಸೋಣ ಎಂದು ಹೋದ ತಿಂಗಳು ಪೋಷಕರ ಸಭೆ ಕರೆದರು. ನನ್ನನ್ನೂ ಕರೆಸಿದರು. ಶಾಲೆಯ ಜಗಲಿಯಲ್ಲಿ ಹತ್ತು ಹದಿನೈದು ಜನ. ಗುಬ್ಬಚ್ಚಿಯ ಅವ್ವನೂ ಇದ್ದಳು.

“ಇವ್ರೇ ಮಾಡ್ಲಿ ಮೇಡಂ, ಕೆಲ್ಸ ಗಟ್ಟಿ” ಎಂದರು ಒಬ್ಬರು. “ತಂಗಿ ಊರಾಗಿಲ್ಲ, ಈ ಸಲ ಬೀಳಾಕಿಲ್ಲ ಬುಡಿ” ಎಂದರು ಇನ್ನೊಬ್ಬರು. ಎಲ್ಲರೂ ನಕ್ಕರು. ಹೊಸಬರಾದ ಹೆಡ್‌ಮಿಸ್ ಏನು ಎಂದು ಕೇಳಿದರು. ಆ ಮನುಷ್ಯ ಕೋತಿಯ ಹಾಗೆ ಕೈ ಮೇಲೆತ್ತಿ ತೋರಿಸಲು ಎದ್ದು ನಿಂತ.

“ಅವಳು ನೇತಾಡ್ಲಿಲ್ಲ” ಎಂದೆ.

ಮಾತು ಒಂದು ಸಲ ಹೊರಟ ಮೇಲೆ ನಿಲ್ಲಲಿಲ್ಲ. ಟ್ಯಾಕ್, ಪುಟ್ಟಿ, ಬಿರುಕು, ಒತ್ತದ ಫೋನು, ಎಲ್ಲವನ್ನೂ ಹೇಳಿದೆ. ಗ್ರೈಂಡರಿನ ವಿಷಯ ಹೇಳಲು ಮಾತ್ರ ಆಗಲಿಲ್ಲ. ಅದನ್ನು ಇಲ್ಲಿ ಬರೆದಿದ್ದೇನೆ. ಕೈ ಮೇಲೆತ್ತಿದ್ದವನು ನಿಧಾನವಾಗಿ ಕೂತ.

ಗುಬ್ಬಚ್ಚಿಯ ಅವ್ವ ಎದ್ದು ನನ್ನ ಮುಂದೆ ಬಂದು ನಿಂತಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

“ಆವತ್ತು ನಿನ್ ತಂಗಿ ಮ್ಯಾಲೆ ಮಣ್ಣು ತೂರ್ದೆ ನಾನು. ನನ್ ಮಗೀನ ಉಳಿಸಿದೋಳ್ ಮ್ಯಾಲೆ. ನೀನ್ ಪಕ್ದಾಗೇ ನಿಂತಿದ್ದೆ ಕಣಪ್ಪ.”

ಅಷ್ಟೇ ಹೇಳಿ ಹೊರಟುಹೋದಳು.

ಕೆಲಸವನ್ನು ಸಿರಾದ ಬೇರೆ ಅಂಗಡಿಯವರಿಗೆ ಕೊಡುವುದೆಂದು ಹೆಡ್‌ಮಿಸ್ ಹೇಳಿದರು. ಸರಿ ಎಂದೆ. ಹೊರಗೆ ಬಂದು ಕಾಂಪೌಂಡಿನ ಮೇಲೆ ಕೂತು ತಂಗಿಗೆ ಫೋನು ಮಾಡಿದೆ.

“ಹೇಳ್ಬುಟ್ಟೆ ಕಣಮ್ಮ. ಎಲ್ರ ಮುಂದೆ.”

“ಯಾರ್ಯಾರಿದ್ರು?” ಎಂದಳು. ಹೇಳಿದೆ. “ಗುಬ್ಬಚ್ಚಿ ಅವ್ವ?”

“ಇದ್ಲು.” ಅವಳು ಅಂದದ್ದನ್ನೂ ಹೇಳಿದೆ.

ಆಗ ತಂಗಿ ಅತ್ತಳು. ಕೈ ಮುರಿದಾಗ ಅತ್ತಿರಲಿಲ್ಲ, ಆಟ ಹೋದಾಗ ನನ್ನ ಕಣ್ಣೆದುರು ಅತ್ತಿರಲಿಲ್ಲ. ಅಳು ನಿಲ್ಲುವವರೆಗೆ ಫೋನು ಹಿಡಿದು ಕೂತಿದ್ದೆ.

“ಆವತ್ತು ಆಸ್ಪತ್ರೇಲಿ ನಾನು ಒಂದಿನಕ್ಕೆ ಅಂತ ಹೇಳಿದ್ದಣ್ಣ” ಎಂದಳು. “ಅವ್ವ ನೋಡ್ತಿದ್ಲಲ್ಲ, ಅದ್ಕೆ. ನಾಳೆ ನೀನೇ ಹೇಳ್ತೀಯ ಅಂದ್ಕೊಂಡಿದ್ದೆ.”

ಆಮೇಲೆ ಅವಳೇ ಕಂಬದ ಮಾತು ತೆಗೆದಳು.

“ಹೊಸಾದು ಯಾರ್ ಮಾಡ್ತಾರೆ?”

“ಸಿರಾದವ್ರು. ನಂಗ್ ಕೊಟ್ಟಿಲ್ಲ.”

“ಒಳ್ಳೇದು” ಎಂದಳು. “ಆದ್ರೆ ನೀನ್ ಹೋಗಿ ನಿಂತ್ಕೊ. ಪೇಂಟ್ ಬಳಿಯೋಕ್ ಮುಂಚೆ ನಾಕೂ ಕಡೆ ಫೋಟೋ ಕಳ್ಸು” ಎಂದಳು.

ಮೊನ್ನೆ ಸಿರಾದವರು ಬಂದು ಸುತ್ತಲೂ ತುಂಬ ವೆಲ್ಡಿಂಗ್ ಮಾಡಿದರು. ಒಳ್ಳೆಯ ಕೆಲಸ. ನಾನು ಅವರ ಏಣಿ ಹತ್ತಿ ನಾಲ್ಕು ಕಡೆಯೂ ಫೋಟೋ ತೆಗೆದು ಕಳಿಸಿದೆ. ಜೊತೆಗೆ, ನಾನೇ ನೋಡಿದೀನಿ, ಗಟ್ಟಿ ಇದೆ ಎಂದು ಬರೆದೆ. ಕೆಳಗಿಳಿದು ನಿಂತೆ. ಪೇಂಟಿನವನು ಬ್ರಷ್ಷು ಅದ್ದಿ ಕಾಯುತ್ತಿದ್ದ. ತಂಗಿಯ ಉತ್ತರ ಬಂತು.

“ಮೂರನೇ ಫೋಟೋ ಮಸುಕಾಗಿದೆ. ಇನ್ನೊಂದ್ ತೆಗಿ.”

ಪೇಂಟಿನವನಿಗೆ ತಡಿ ಎಂದು ಹೇಳಿ ನಾನು ಮತ್ತೆ ಏಣಿ ಹತ್ತಿದೆ.